ಮಕ್ಕಳಿಗೆ ಕ್ರಮವಿಧಿರಚನೆ: ಸಾಧನಗಳ ಆಯ್ಕೆಯನ್ನು ಕುರಿತು



ಪ್ರಾಥಮಿಕ ಶಾಲೆಯ ಉಪಾಧ್ಯಾಯರೊಬ್ಬರ ಸ್ಮರಣಾರ್ಥವಾಗಿ ಅವರ ಶಿಷ್ಯರು ಇರಿಸಿರುವ ಈ ದತ್ತಿಯ ಆಶ್ರಯದಲ್ಲಿ ಮಾತನಾಡಬೇಕೆಂದು ಕರೆ ಬಂದಾಗ, ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕಾರ್ಯದರ್ಶಿಗಳು ನನಗೇ ಬಿಟ್ಟುಕೊಟ್ಟರು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಗಣಿತವನ್ನು ಬೋಧಿಸಿ, ನಿವೃತ್ತನಾದ ಮೇಲೆ ನೆರೆಹೊರೆಯ ಮಕ್ಕಳಿಗೆ ಗಣಕಯಂತ್ರದ ಕ್ರಮವಿಧಿಗಳನ್ನು ಬರೆಯುವ ಬಗೆಯನ್ನು ಹೇಳಿಕೊಡುತ್ತ ಬಂದಿರುವ ನಾನು, ಆ ಅನುಭವದಿಂದ ಹುಟ್ಟಿದ ಒಂದು ಪ್ರಶ್ನೆಯನ್ನೇ ತಮ್ಮ ಮುಂದಿಡುವುದು ಉಚಿತವೆಂದು ಭಾವಿಸಿದೆ. ಮಗುವಿಗೆ ಕ್ರಮವಿಧಿರಚನೆಯನ್ನು, ಎಂದರೆ ಎಲ್ಲರೂ ಪ್ರೋಗ್ರಾಮಿಂಗ್ ಎಂದು ಕರೆಯುವ ವಿದ್ಯೆಯನ್ನು, ಕಲಿಸಬೇಕೆಂದು ಮನಸ್ಸು ಮಾಡಿದ ಮನೆಯವರು ಯಾವ ಸಾಧನವನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದೇ ಆ ಪ್ರಶ್ನೆ.

ಇದು ನನ್ನ ಮನೆಯ ಬಾಗಿಲಿಗೆ ಬರುವುದು ಹೆಚ್ಚಾಗಿ ಸಂಜೆಯ ಹೊತ್ತಿನಲ್ಲಿ. ತಾಯಿಯೊಬ್ಬರು ಬಣ್ಣದ ಕರಪತ್ರವನ್ನೋ ಮೊಬೈಲಿಗೆ ಬಂದ ಜಾಹೀರಾತನ್ನೋ ತೋರಿಸಿ, "ಮೇಷ್ಟ್ರೆ, ಇವನಿಗೆ ಒಂಬತ್ತು ತುಂಬಿತು, ಈ ಕೋರ್ಸಿಗೆ ಸೇರಿಸಲೋ, ಪುಸ್ತಕ ಕೊಡಿಸಲೋ, ಲ್ಯಾಪ್‌ಟಾಪೇ ತರಬೇಕೋ?" ಎಂದು ಕೇಳುತ್ತಾರೆ. ಅವರ ಆತಂಕಕ್ಕೆ ಕಾರಣವಿಲ್ಲದೆ ಇಲ್ಲ. ಆರರಿಂದ ಎಂಟರವರೆಗಿನ ತರಗತಿಗಳಲ್ಲಿ ಕೋಡಿಂಗಿನ ಚಟುವಟಿಕೆಗಳು ಇರತಕ್ಕದ್ದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳಿತು; ಅದೇ ವರ್ಷ ಶಾಲೆಗಳು ಮುಚ್ಚಿ ಮಕ್ಕಳೆಲ್ಲ ಪರದೆಯ ಮುಂದೆ ಕುಳಿತಿದ್ದ ಕಾಲದಲ್ಲಿ, ಆರು ವರ್ಷದ ಕೂಸು ಆ್ಯಪನ್ನು ರಚಿಸಿ ಲೋಕಪ್ರಸಿದ್ಧವಾಗುವುದೆಂಬ ಭರವಸೆಯನ್ನು ಮಾರುವವರೂ ಹುಟ್ಟಿಕೊಂಡರು. ಅಂಥ ಒಂದು ಕಡೆಯಲ್ಲಿ ಬಹಳ ಹಣವನ್ನು ತೆತ್ತು ಐದು ಪ್ರಮಾಣಪತ್ರಗಳನ್ನು ಸಂಪಾದಿಸಿದ್ದ ಹುಡುಗನೊಬ್ಬನನ್ನು ಅವನ ತಂದೆ ನನ್ನಲ್ಲಿಗೆ ಕರೆತಂದಿದ್ದರು. ಹುಡುಗ ಚುರುಕಾದವನು. ಖಾಲಿ ಪರದೆಯನ್ನು ಮುಂದಿಟ್ಟು, "ಒಂದು ಚೌಕವನ್ನು ಬರೆಯಿಸಪ್ಪ" ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಮಿಸ್ ಎಲ್ಲಿ ಒತ್ತು ಅಂದ್ರೆ ಅಲ್ಲಿ ಒತ್ತುತಿದ್ದೆ ಸಾರ್" ಎಂದನು. ಹಣ ಹೋದುದಕ್ಕಿಂತ ಆ ಮುಖದಲ್ಲಿ ಕಂಡ ಸಂಕೋಚ ನನ್ನನ್ನು ಹೆಚ್ಚಾಗಿ ನೋಯಿಸಿತು. ಏಕೆಂದರೆ ತನಗೆ ಈ ವಿದ್ಯೆ ಒಲಿಯದೆಂಬ ನಿರ್ಣಯಕ್ಕೆ ಅವನು ಆಗಲೇ ಬಂದುಬಿಟ್ಟಿದ್ದನು.

ಆ ಹುಡುಗನಿಗೆ ದೊರೆಯದೆ ಹೋದದ್ದು ಏನೆಂಬುದನ್ನು ವಿಚಾರಿಸಿದರೆ ಸಾಧನಗಳನ್ನು ಅಳೆಯತಕ್ಕ ಕೋಲು ತಾನಾಗಿಯೇ ಕೈಗೆ ಬರುತ್ತದೆ. ಕ್ರಮವಿಧಿಯೆಂಬುದು ಯಂತ್ರವು ಒಂದಾದ ಮೇಲೊಂದರಂತೆ ಮಾಡಬೇಕಾದ ಕೆಲಸಗಳ ಆಜ್ಞಾಪಟ್ಟಿ. ಅಡುಗೆಮನೆಯಲ್ಲಿರುವವರಿಗೆ "ಉಪ್ಪನ್ನು ಹದವಾಗಿ ಹಾಕಿ" ಎಂದರೆ ಸಾಕು. ಹದವೆಂದರೇನೆಂಬುದು ಅವರ ಕೈಗೆ ಗೊತ್ತು. ಯಂತ್ರಕ್ಕೆ ಹದ ತಿಳಿಯದು. ನಾವು ಮನಸ್ಸಿನಲ್ಲಿ ಎಣಿಸಿಕೊಂಡದ್ದನ್ನು ಅದು ಊಹಿಸಿಕೊಳ್ಳಲಾರದು. ಬರೆದುಕೊಟ್ಟದ್ದನ್ನು ಅಕ್ಷರಶಃ ನೆರವೇರಿಸುತ್ತದೆ. ಆದಕಾರಣ ಬರೆಯುವವನು ಬಾಲಕನಾಗಲಿ ಪಂಡಿತನಾಗಲಿ, ಮೊದಲನೆಯ ಸಲ ಎಡವುವುದೇ ಇಲ್ಲಿ ಸ್ವಾಭಾವಿಕ. ಎಡವಿದ ಮೇಲೆ, ತಾನು ಬಯಸಿದ್ದಕ್ಕೂ ಆದದ್ದಕ್ಕೂ ನಡುವಣ ಅಂತರವನ್ನು ನೋಡಿ, ಯಾವ ಸಾಲಿನಲ್ಲಿ ದಾರಿ ತಪ್ಪಿತೆಂದು ಹುಡುಕಿ, ತಿದ್ದಿ, ಪುನಃ ನಡೆಯಿಸಿ ನೋಡುವುದರಲ್ಲಿಯೇ ಈ ವಿದ್ಯೆಯ ಸಾರವೆಲ್ಲ ಅಡಗಿದೆ. ನಾನು ಗಣಿತದ ಉಪಾಧ್ಯಾಯನಾಗಿದ್ದಾಗ ತಪ್ಪು ಲೆಕ್ಕದ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದೆ. ಮಗು ಪುಸ್ತಕವನ್ನು ಮುಚ್ಚುತ್ತಿತ್ತು. ತಪ್ಪಿನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಕ್ರಮವಿಧಿಯಲ್ಲಾದರೋ ಕಥೆ ಆರಂಭವಾಗುವುದೇ ಅಲ್ಲಿಂದ. ಆ ಹುಡುಗನಿಗೆ ಐದು ಪ್ರಮಾಣಪತ್ರಗಳ ಅವಧಿಯಲ್ಲಿ ಒಂದು ತಪ್ಪನ್ನಾದರೂ ತಾನಾಗಿ ಮಾಡಿ ತಾನಾಗಿ ತಿದ್ದಿಕೊಳ್ಳುವ ಅವಕಾಶವನ್ನು ಯಾರೂ ಕೊಟ್ಟಿರಲಿಲ್ಲ. ಪುಸ್ತಕವಾಗಲಿ, ತಂತ್ರಾಂಶವಾಗಲಿ, ತರಗತಿಯಾಗಲಿ, ಮಗುವಿನ ತಪ್ಪನ್ನು ಮಗುವಿನ ಕಣ್ಣಿಗೇ ಕಾಣಿಸಿ ತಿದ್ದುವ ಕೆಲಸವನ್ನು ಅದಕ್ಕೇ ಬಿಟ್ಟುಕೊಡುತ್ತದೆಯೆ ಎಂಬುದೇ ನಾನು ಕೇಳುವ ಮೊದಲ ಪ್ರಶ್ನೆ.

ಇಂಥ ದೋಷಕ್ಕೆ ಪಾಶ್ಚಾತ್ಯರು ಬಗ್ ಎನ್ನುತ್ತಾರೆ, ಎಂದರೆ ಕೀಟ. 1947ನೆಯ ಇಸವಿ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ 2 ಎಂಬ ಯಂತ್ರದೊಳಗೆ ಸಿಕ್ಕಿಕೊಂಡಿದ್ದ ಪತಂಗವೊಂದನ್ನು ತೆಗೆದು ದಿನಚರಿಯ ಪುಟಕ್ಕೆ ಅಂಟಿಸಿದ ಪ್ರಸಂಗವನ್ನು ಅನೇಕರು ಬಲ್ಲರು. ಆದರೆ ಎಡಿಸನ್ನನು 1878ರಲ್ಲಿಯೇ ತನ್ನ ಯಂತ್ರಗಳ ಸಣ್ಣಪುಟ್ಟ ದೋಷಗಳನ್ನು ಪತ್ರವೊಂದರಲ್ಲಿ ಇದೇ ಮಾತಿನಿಂದ ಕರೆದಿದ್ದನು. ದೊಡ್ಡವರ ಲೋಕದಲ್ಲಿ ತಪ್ಪನ್ನು ಅಪರಾಧವೆಂದೆಣಿಸದೆ ಹಿಡಿದು ಹೊರಹಾಕತಕ್ಕ ಹುಳುವಿನಂತೆ ಕಾಣುವ ಈ ಪದ್ಧತಿ ಅಷ್ಟು ಹಳೆಯದು. ಅದನ್ನು ಮಕ್ಕಳ ಲೋಕಕ್ಕೆ ತಂದ ಮಹನೀಯರಲ್ಲಿ ಅಗ್ರಗಣ್ಯರು ಸೀಮೋರ್ ಪ್ಯಾಪರ್ಟ್.

ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ, ಜಿನೀವಾದಲ್ಲಿ ಮಕ್ಕಳ ಬುದ್ಧಿವಿಕಾಸವನ್ನು ಪರಿಶೀಲಿಸಿದ ಪಿಯಾಜೆಯವರ ಜೊತೆಯಲ್ಲಿ ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ಅಮೆರಿಕದ ಎಂ.ಐ.ಟಿ.ಗೆ ಬಂದ ಈ ಗಣಿತಜ್ಞರು, ವಾಲಿ ಫೋಯರ್ಜೈಗ್ ಮತ್ತು ಸಿಂಥಿಯ ಸಾಲೊಮನ್ ಮುಂತಾದವರೊಡಗೂಡಿ 1967ರಲ್ಲಿ ಲೋಗೊ ಎಂಬ ಭಾಷೆಯನ್ನು ರೂಪಿಸಿದರು. ಲೋಗೊ ಎಂದೊಡನೆ ಇಂದು ನೆನಪಿಗೆ ಬರುವುದು ಆಮೆ. ಮೊದಲು ನೆಲದ ಮೇಲೆ ಉರುಳುವ ಯಂತ್ರವಾಗಿ, ತರುವಾಯ ಪರದೆಯ ಮೇಲಿನ ಗುರುತಾಗಿ, ಹೇಳಿದಂತೆ ನಡೆದು ನಡೆದಲ್ಲೆಲ್ಲ ಗೆರೆಯೆಳೆಯುವ ಆಮೆ. ಆದರೆ ಆರಂಭದ ಲೋಗೊದಲ್ಲಿ ಆಮೆ ಇರಲಿಲ್ಲ. 1968-69ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಲೆಕ್ಸಿಂಗ್ಟನ್ ಊರಿನ ಶಾಲೆಯೊಂದರಲ್ಲಿ ಏಳನೆಯ ತರಗತಿಯ ಮಕ್ಕಳು ಅದನ್ನು ಕಲಿತಾಗ ಅವರ ಕೈಯಲ್ಲಿದ್ದದ್ದು ಪದಗಳು ಮತ್ತು ವಾಕ್ಯಗಳು. ಪದವನ್ನು ಒಡೆಯುವುದು, ಜೋಡಿಸುವುದು, ತಿರುವುಮುರುವು ಮಾಡುವುದು. ಈ ಸಂಗತಿಯನ್ನು ನಾನು ಮುಂದೆ ಉಪಯೋಗಿಸಿಕೊಳ್ಳುವವನಿದ್ದೇನೆ.

ಆಮೆಯ ಗುಣವೆಂತಹುದೆಂಬುದನ್ನು ಒಂದು ಉದಾಹರಣೆಯಿಂದ ವಿಶದಪಡಿಸುತ್ತೇನೆ. 'ಮುಂದೆ 100, ಬಲಕ್ಕೆ 90' ಎಂಬ ಆಜ್ಞೆಯನ್ನು ನಾಲ್ಕು ಸಲ ಕೊಟ್ಟರೆ ಚೌಕವಾಗುವುದನ್ನು ಮಗು ಬೇಗನೆ ಕಂಡುಕೊಳ್ಳುತ್ತದೆ. ಇನ್ನು ಮೂರು ಬಾಹುಗಳೂ ಸಮನಾದ ತ್ರಿಭುಜವನ್ನು ಬರೆಯಿಸು ಎನ್ನಿ. ಅಂಥ ತ್ರಿಭುಜದ ಒಂದೊಂದು ಕೋನವೂ 60 ಡಿಗ್ರಿಯೆಂದು ಶಾಲೆಯಲ್ಲಿ ಓದಿದ ಮಗು 'ಮುಂದೆ 100, ಬಲಕ್ಕೆ 60' ಎಂದು ಮೂರು ಸಲ ಬರೆಯುತ್ತದೆ. ನಾನು ಕಲಿಸಿದ ಮಕ್ಕಳಲ್ಲಿ ಹೀಗೆ ಬರೆಯದವರನ್ನು ಕಾಣೆ. ಆಮೆ ಮೂರು ಗೆರೆಗಳನ್ನೆಳೆದು ನಿಲ್ಲುತ್ತದೆ, ಆದರೆ ಗೆರೆಗಳು ಕೂಡಿಕೊಳ್ಳುವುದಿಲ್ಲ. ಬಾಯ್ದೆರೆದ ಬೋಗುಣಿಯಂಥ ಒಂದು ಆಕೃತಿ ಪರದೆಯ ಮೇಲೆ ಉಳಿಯುತ್ತದೆ. ಇಲ್ಲಿ ಯಾರೂ ತಪ್ಪೆಂದು ಹೇಳಬೇಕಾಗಿಲ್ಲ, ಕೆಂಪು ಗುರುತೂ ಬೇಕಾಗಿಲ್ಲ. ತ್ರಿಭುಜವಾಗಲಿಲ್ಲವೆಂಬುದು ಮಗುವಿಗೇ ಕಾಣುತ್ತದೆ. ಆಗ ನಾನು ಹೇಳುವುದು ಇಷ್ಟೆ: "ಎದ್ದು ನಿಲ್ಲು, ನೀನೇ ಆಮೆಯಾಗು, ಅಂಗಳದಲ್ಲಿ ನಡೆದು ನೋಡು." ಒಂದು ಬಾಹುವಿನ ಉದ್ದಕ್ಕೂ ನಡೆದು ಮೂಲೆಗೆ ಬಂದು ಮೈಯನ್ನು ತಿರುಗಿಸುವಾಗ, ತಾನು ತಿರುಗುವುದು ತ್ರಿಭುಜದ ಒಳಗಣ ಕೋನದಷ್ಟಲ್ಲ, ಹೊರಗಣ ಕೋನದಷ್ಟು ಎಂಬ ತಿಳಿವು ಮಗುವಿನ ಕಾಲಿನಿಂದ ತಲೆಗೆ ಏರುತ್ತದೆ. 120 ಎಂದು ತಿದ್ದಿದೊಡನೆ ತ್ರಿಭುಜವು ಮುಚ್ಚಿಕೊಳ್ಳುತ್ತದೆ. ಮೂರು 120, ನಾಲ್ಕು 90, ಐದು 72, ಎಲ್ಲವೂ 360 ಏಕಾಗುತ್ತದೆಂದು ಕೇಳದ ಮಗು ಇಲ್ಲ. ಮೊದಲು ತಪ್ಪಾಗಿ ಬರೆದದ್ದನ್ನು ಮೂರಕ್ಕೆ ನಿಲ್ಲಿಸದೆ ಆರು ಸಲ ನಡೆಯಿಸಿದ್ದರೆ ಸೊಗಸಾದ ಷಡ್ಭುಜವಾಗುತ್ತಿತ್ತೆಂದು ಹತ್ತು ವರ್ಷದ ಹುಡುಗಿಯೊಬ್ಬಳು ಹಾರಿ ಕುಣಿದು ಹೇಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೊರಕೋನಗಳ ಮೊತ್ತದ ಪ್ರಮೇಯವನ್ನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಸಾಧಿಸಿ ತೋರಿಸಿದವನು ನಾನು. ಅದಕ್ಕಾಗಿ ಕುಣಿದವರನ್ನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಹಾಗೆಂದು ಆಮೆಯನ್ನು ಮನೆಗೆ ತಂದ ಮಾತ್ರಕ್ಕೆ ಮಗುವಿನ ಬುದ್ಧಿಯೆಲ್ಲ ತೀಕ್ಷ್ಣವಾಗುವುದೆಂದು ನಂಬಬೇಕಾಗಿಲ್ಲ. ಪ್ಯಾಪರ್ಟರು ತಮ್ಮ ಮೈಂಡ್‌ಸ್ಟಾರ್ಮ್ಸ್ ಎಂಬ ಗ್ರಂಥವನ್ನು 1980ರಲ್ಲಿ ಪ್ರಕಟಿಸಿದ ಮೇಲೆ ಲೋಗೊ ಅನೇಕ ದೇಶಗಳ ಶಾಲೆಗಳಿಗೆ ಹರಡಿತು. ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲೆಂಡ್ ಎಂಬ ಸಂಶೋಧಕರು, ಅದನ್ನು ಒಂದು ವರ್ಷ ಕಲಿತ ಮಕ್ಕಳು ಇತರ ಕೆಲಸಗಳನ್ನು ಯೋಜಿಸುವುದರಲ್ಲಿ ಕಲಿಯದವರಿಗಿಂತ ಮೇಲಾಗಿ ಕಾಣಲಿಲ್ಲವೆಂದು 1984ರ ಹೊತ್ತಿಗೆ ವರದಿ ಮಾಡಿದರು. ಅನೇಕರು ಅಲ್ಲಿಗೇ ನಿಲ್ಲುತ್ತಾರೆ. ಆದರೆ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಡೇವಿಡ್ ಕ್ಲಾರ್ ಮತ್ತು ಶಾರನ್ ಕಾರ್ವರ್ 1988ರಲ್ಲಿ ಪ್ರಕಟಿಸಿದ ಶೋಧವು ನನ್ನ ಮಟ್ಟಿಗೆ ಹೆಚ್ಚು ಬೆಲೆಯುಳ್ಳದ್ದು. ಅವರು ಮಕ್ಕಳಿಗೆ ಲೋಗೊವನ್ನು ಕಲಿಸಿದ್ದಲ್ಲದೆ ದೋಷವನ್ನು ಹುಡುಕುವ ಕ್ರಮವನ್ನೂ ಪ್ರತ್ಯೇಕವಾಗಿ, ಹೆಜ್ಜೆ ಹೆಜ್ಜೆಯಾಗಿ ಕಲಿಸಿದರು: ಬಯಸಿದ್ದೇನು, ಆದದ್ದೇನು, ಅಂತರವೆಂಥದು, ಅಂಥ ಅಂತರಕ್ಕೆ ಯಾವ ಬಗೆಯ ತಪ್ಪು ಕಾರಣವಾಗಬಹುದು, ಅದು ಎಲ್ಲಿರಬಹುದು. ಹಾಗೆ ಕಲಿತ ಮಕ್ಕಳು ಯಂತ್ರದ ಸಂಬಂಧವೇ ಇಲ್ಲದ ಕಡೆಗಳಲ್ಲಿಯೂ, ಉದಾಹರಣೆಗೆ ನಕ್ಷೆಯನ್ನು ನೋಡಿ ನಡೆಯಬೇಕಾದ ದಾರಿಯ ಲಿಖಿತ ಸೂಚನೆಗಳಲ್ಲಿ, ಅಡಗಿದ್ದ ತಪ್ಪನ್ನು ಮೊದಲಿಗಿಂತ ಚೆನ್ನಾಗಿ ಹಿಡಿಯಬಲ್ಲವರಾದರು. ಸಾಧನವೊಂದೇ ಸಾಲದು, ತಪ್ಪನ್ನು ಹುಡುಕುವ ರೀತಿಯನ್ನು ತೋರಿಸಿಕೊಡುವವರೂ ಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಈಗ ಕೈಗೆ ಸಿಕ್ಕುವ ಸಾಧನಗಳ ಕಡೆಗೆ ಬರೋಣ. ಬಾಣದ ಗುರುತುಗಳನ್ನು ಜೋಡಿಸಿ ಒಂದು ಪ್ರಾಣಿಯನ್ನು ಹಣ್ಣಿನ ಬಳಿಗೆ ನಡೆಸುವ ಆಟಗಳು ಹೇರಳವಾಗಿವೆ. ಐದಾರು ವರ್ಷದ ಮಗುವಿಗೆ ಅವು ಕೆಲವು ದಿನ ಹಿತವೇ. ಆದರೆ ಪ್ರತಿಯೊಂದು ಮಜಲಿಗೂ ಒಂದೇ ಉತ್ತರವಿರುವ, ಉತ್ತರ ಬಂದೊಡನೆ ನಕ್ಷತ್ರವನ್ನು ಸುರಿಸುವ ಆಟದಲ್ಲಿ ಮಗು ತನ್ನದೇ ಆದ ಇಚ್ಛೆಯನ್ನು ಹೂಡುವುದಕ್ಕೆ ಸ್ಥಳವಿಲ್ಲ. ಎಂಟು ವರ್ಷ ದಾಟಿದ ಮಗುವಿಗೆ ನಾನು ಸಂಕೋಚವಿಲ್ಲದೆ ಸೂಚಿಸುವುದು ಸ್ಕ್ರ್ಯಾಚ್ ಎಂಬುದನ್ನು. ಪ್ಯಾಪರ್ಟರ ಪರಂಪರೆಯಲ್ಲಿಯೇ ಬಂದ ಮಿಚೆಲ್ ರೆಸ್ನಿಕ್ ಮತ್ತು ಅವರ ಬಳಗದವರು ಎಂ.ಐ.ಟಿ.ಯಲ್ಲಿ ಸಿದ್ಧಪಡಿಸಿ 2007ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟ ಇದಕ್ಕೆ ಕಾಸು ಕೊಡಬೇಕಾಗಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಇದರ ಆಜ್ಞೆಗಳು ಬಣ್ಣದ ತುಂಡುಗಳು. ಹೊಂದುವ ತುಂಡು ಮಾತ್ರ ಹೊಂದಿಕೊಳ್ಳುತ್ತದೆ. ಹೀಗಾಗಿ ಅಲ್ಪವಿರಾಮ ಬಿಟ್ಟುಹೋಯಿತು, ಕಾಗುಣಿತ ತಪ್ಪಿತು ಎಂಬ ಬಗೆಯ, ಮಗುವಿನ ಆಲೋಚನೆಗೆ ಸಂಬಂಧಿಸದ ತಪ್ಪುಗಳು ದೂರವಾಗಿ, ಆಲೋಚನೆಯ ತಪ್ಪುಗಳು ಮಾತ್ರ ಉಳಿಯುತ್ತವೆ. ಹುಡುಕುವುದಕ್ಕೆ ಯೋಗ್ಯವಾದವು ಅವೇ ಅಲ್ಲವೆ! ಬೆಕ್ಕು ಗೋಡೆಯನ್ನು ತೂರಿಕೊಂಡು ಹೋಯಿತೇಕೆ, ಅಂಕ ಒಂದೇ ಹೊಡೆತಕ್ಕೆ ಮೂವತ್ತು ಏರಿತೇಕೆ ಎಂದು ತಲೆಯ ಮೇಲೆ ಕೈಹೊತ್ತು ಕುಳಿತಿರುವ ಮಗುವನ್ನು ಕಂಡಾಗ ಮನೆಯವರು ಓಡಿಹೋಗಿ ಸರಿಪಡಿಸಿಕೊಡಬಾರದೆಂದು ನನ್ನ ವಿನಂತಿ. ಆ ಕಾಲವೇ ಫಲವತ್ತಾದ ಕಾಲ.

ಯಂತ್ರವೇ ಇಲ್ಲದ ಮನೆಯವರು ಏನು ಮಾಡಬೇಕು? ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಿಂದ ಬೆಳೆಸಿಕೊಂಡು ಬಂದಿರುವ ಅನ್‌ಪ್ಲಗ್ಡ್ ಎಂಬ ಪಾಠಕ್ರಮದಲ್ಲಿ ಗಣಕಶಾಸ್ತ್ರದ ಮೂಲತತ್ತ್ವಗಳನ್ನು ರಟ್ಟಿನ ಚೀಟಿಗಳು, ಸೀಮೆಸುಣ್ಣ, ಹಗ್ಗಗಳಿಂದಲೇ ಕಲಿಸುತ್ತಾರೆ. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಛಂದಶ್ಶಾಸ್ತ್ರದ ಪ್ರಸ್ತಾರ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮನು ಛಂದೋಂಬುಧಿಯನ್ನು ರಚಿಸಿ ಕನ್ನಡಕ್ಕೆ ತಂದ ಈ ಶಾಸ್ತ್ರದಲ್ಲಿ, ಮೂರಕ್ಷರದ ಗಣಗಳು ಎಂಟೇ ಎಂಬುದನ್ನು 'ಯಮಾತಾರಾಜಭಾನಸಲಗಂ' ಎಂದು ಬಾಯಿಪಾಠ ಮಾಡಿದ ಪ್ರೌಢಶಾಲೆಯ ಮಕ್ಕಳೆಲ್ಲ ಬಲ್ಲರು. ಎಂಟೇ ಏಕೆ, ಒಂದನ್ನೂ ಬಿಡದೆ ಎಂಟನ್ನೂ ಬರೆಯುವ ವಿಧಿ ಯಾವುದು ಎಂಬುದಕ್ಕೆ ಉತ್ತರವೇ ಪ್ರಸ್ತಾರ. ಉಚ್ಚಾರಕ್ಕೆ ಹೆಚ್ಚು ಕಾಲ ಹಿಡಿಯುವ ಅಕ್ಷರ ಗುರು, ಕಡಮೆ ಹಿಡಿಯುವುದು ಲಘು. ಹಲಗೆಯ ಮೇಲೆ ಮೊದಲು ಮೂರು ಗುರುಗಳನ್ನು ಬರೆ. ಅನಂತರದ ಪ್ರತಿಯೊಂದು ಸಾಲಿಗೂ ವಿಧಿ ಇಷ್ಟು: ಮೇಲಿನ ಸಾಲಿನಲ್ಲಿ ಎಡದಿಂದ ಮೊದಲು ಸಿಕ್ಕುವ ಗುರುವಿನ ಕೆಳಗೆ ಲಘುವನ್ನಿಡು, ಅದರ ಬಲಕ್ಕಿರುವುದನ್ನು ಮೇಲಿದ್ದಂತೆಯೇ ಇಳಿಸು, ಎಡಕ್ಕೆ ಸ್ಥಳವುಳಿದಿದ್ದರೆ ಅಲ್ಲೆಲ್ಲ ಗುರುವನ್ನು ತುಂಬು, ಗುರುವೇ ಇಲ್ಲದ ಸಾಲು ಬಂದಾಗ ನಿಲ್ಲಿಸು. ಇದನ್ನು ಚಾಚೂ ತಪ್ಪದೆ ನಡೆಸಿದರೆ ಮ, ಯ, ರ, ಸ, ತ, ಜ, ಭ, ನ ಎಂಬ ಎಂಟು ಗಣಗಳೂ ಇದೇ ಅನುಕ್ರಮದಲ್ಲಿ ಇಳಿದು ಬರುತ್ತವೆ. ನಾಲ್ಕಕ್ಷರವಾದರೆ 16, ಐದಾದರೆ 32. ಆವರ್ತನೆ, ನಿಬಂಧನೆ, ಮುಕ್ತಾಯ ಎಂಬ ಕ್ರಮವಿಧಿಯ ಅಂಗಗಳೆಲ್ಲ ಇದರಲ್ಲಿ ಇವೆ.

ಏಳನೆಯ ತರಗತಿಯ ಒಬ್ಬಳು ಇದನ್ನು ಮಾಡುವಾಗ, ಎಡಕ್ಕೆ ಗುರುವನ್ನು ತುಂಬುವ ಮಾತನ್ನು ಮರೆತು ಅಲ್ಲಿಯೂ ಮೇಲಿದ್ದದ್ದನ್ನೇ ಇಳಿಸಿದಳು. ಮ, ಯ, ಸ, ನ ಎಂದು ನಾಲ್ಕೇ ಸಾಲಿಗೆ ಲೆಕ್ಕ ಮುಗಿದುಹೋಯಿತು. ಎಂಟು ಬರಬೇಕಾದಲ್ಲಿ ನಾಲ್ಕು ಬಂದವೆಂಬುದು ಬಾಯಿಪಾಠದಿಂದ ಅವಳಿಗೇ ಗೊತ್ತಿದ್ದಿತು. "ರಗಣ ಯಾಕೆ ಬರಲಿಲ್ಲ?" ಎಂದು ತನ್ನಷ್ಟಕ್ಕೆ ತಾನೇ ಗುನುಗಿಕೊಂಡು, ರಗಣ ಹುಟ್ಟಬೇಕಾದ ಸಾಲು ಯಾವುದೆಂದು ಹಿಂದಕ್ಕೆ ಹೋಗಿ, ಬಿಟ್ಟುಹೋದ ವಿಧಿಯನ್ನು ಕಾಲು ಗಂಟೆಯಲ್ಲಿ ಕಂಡುಹಿಡಿದಳು. ಪ್ಯಾಪರ್ಟರ ಆಮೆ ಕೊಡುವುದನ್ನೇ ಒಂದು ಸ್ಲೇಟು ಕೊಟ್ಟಿತು. ಕಿಟ್ಟೆಲ್ಲರ 1894ರ ನಿಘಂಟನ್ನೂ ನಾನು ಹೀಗೆಯೇ ಬಳಸುತ್ತೇನೆ: ಸುಮಾರು 70,000 ಶಬ್ದಗಳಿರುವ ಆ ಗ್ರಂಥವನ್ನು ಪ್ರತಿ ಸಲವೂ ನಡುವೆ ತೆರೆದು, ಬೇಡದ ಅರ್ಧವನ್ನು ಬಿಡುತ್ತ ಹೋದರೆ ಹೆಚ್ಚೆಂದರೆ 17 ಸಲಕ್ಕೆ ಬೇಕಾದ ಶಬ್ದ ಸಿಕ್ಕಲೇಬೇಕು, ಹದಿನೇಳಕ್ಕೆ ಸಿಕ್ಕದಿದ್ದರೆ ಮಗು ಅಕಾರಾದಿಯಲ್ಲಿ ಎಲ್ಲಿಯೋ ಎಡವಿದೆಯೆಂದರ್ಥ.

ಹನ್ನೊಂದು ಹನ್ನೆರಡು ವರ್ಷದ ಹೊತ್ತಿಗೆ ಬಣ್ಣದ ತುಂಡುಗಳನ್ನು ಬಿಟ್ಟು ಬರಹದ ಭಾಷೆಗೆ ಬರಬಹುದು. ಪೈಥಾನ್ ನನಗೆ ಯೋಗ್ಯವಾಗಿ ಕಂಡಿದೆ. ಆಮೆಯೂ ಅದರ ಜೊತೆಗೇ ಬರುತ್ತದೆ. ಇಂಗ್ಲಿಷ್ ಬಾರದ ಮಗುವಿಗೆ ಇದು ಸಾಧ್ಯವೆ ಎಂದು ಹಳ್ಳಿಗಳ ತಂದೆತಾಯಿಗಳು ಅಂಜುತ್ತಾರೆ. ಪೈಥಾನಿನಲ್ಲಿ ಭಾಷೆಗೇ ಮೀಸಲಾದ ಇಂಗ್ಲಿಷ್ ಪದಗಳು ಒಟ್ಟು 35. ಮೊದಲನೆಯ ವರ್ಷಕ್ಕೆ ಹತ್ತು ಹನ್ನೆರಡು ಸಾಕು. ಮಗು ತಾನೇ ಕೊಡುವ ಹೆಸರುಗಳನ್ನೆಲ್ಲ, 2008ರಲ್ಲಿ ಮೂರನೆಯ ಆವೃತ್ತಿ ಬಂದಂದಿನಿಂದ, ಕನ್ನಡ ಲಿಪಿಯಲ್ಲಿಯೇ ಇಡಬಹುದು. 'ಲಾಭ = ಮಾರಿದ_ಬೆಲೆ - ಕೊಂಡ_ಬೆಲೆ' ಎಂದು ಬರೆದರೆ ಯಂತ್ರವು ಲೆಕ್ಕ ಮಾಡಿಕೊಡುತ್ತದೆ. ಎಸ್ಟೋನಿಯ ದೇಶದ ಟಾರ್ಟು ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಥಾನಿ ಎಂಬ ಉಚಿತ ತಂತ್ರಾಂಶದಲ್ಲಿ ಬರೆಯಿಸಿದರೆ, ಕ್ರಮವಿಧಿಯನ್ನು ಒಂದೊಂದೇ ಹೆಜ್ಜೆ ನಡೆಯಿಸಿ, ಯಾವ ಹೆಜ್ಜೆಯಲ್ಲಿ ಯಾವ ಹೆಸರಿನ ಬೆಲೆ ಎಷ್ಟಾಯಿತೆಂಬುದನ್ನು ಮಗು ನೋಡಬಹುದು. ತಪ್ಪನ್ನು ಕಾಣಿಸುವ ಸಾಧನ ಬೇಕೆಂದೆನಲ್ಲ, ಇದು ಅಂಥದು. ದೋಷಸೂಚನೆಗಳು ಇಂಗ್ಲಿಷಿನಲ್ಲಿ ಬರುತ್ತವೆಂಬುದು ನಿಜವಾದ ತೊಡಕು. ಅವುಗಳ ಕೊನೆಯ ಸಾಲನ್ನು ಮಗುವಿನೊಡನೆ ಕುಳಿತು ಓದಿ, ಕನ್ನಡದಲ್ಲಿ ಅರ್ಥವನ್ನು ನೋಟುಬುಕ್ಕಿಗೆ ಬರೆಯಿಸಿ. ಏಳೆಂಟು ಬಗೆಯವೇ ಮತ್ತೆ ಮತ್ತೆ ಬರುವುದರಿಂದ ಈ ತೊಡಕು ಒಂದು ತಿಂಗಳಿನದು.

ಆದರೆ ಭಾಷೆಗಿಂತಲೂ ಮುಖ್ಯವಾದದ್ದು, ಆ ಭಾಷೆಯಲ್ಲಿ ಯಾವ ಸಮಸ್ಯೆಯನ್ನು ಬಿಡಿಸುತ್ತೇವೆಂಬುದು. ಪುಸ್ತಕಗಳಲ್ಲಿರುವ ಸಮಸ್ಯೆಗಳು ಬೇಸ್‌ಬಾಲಿನ ಅಂಕಗಳನ್ನೂ ಪಿಜ್ಜಾದ ಬೆಲೆಯನ್ನೂ ಕುರಿತವು. ಲೋಗೊ ಮೊಟ್ಟಮೊದಲು ಪದಗಳ ಆಟವಾಗಿದ್ದಿತೆಂದು ಆಗಲೇ ಹೇಳಿದೆ. ನಮ್ಮ ಮಕ್ಕಳಿಗೂ ತಮ್ಮ ಪದಗಳಿಲ್ಲವೆ? ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಪದವನ್ನು ಗುರುತಿಸುವ ಕ್ರಮವಿಧಿಯನ್ನು ಬರೆಯಲು ಒಂದು ಸಲ ಹೇಳಿದೆ. ಕನಕ, ನಯನ, ಸರಸ ಎಂಬವಕ್ಕೆಲ್ಲ ಯಂತ್ರವು ಹೌದೆಂದಿತು. ಮಕ್ಕಳು ಉತ್ಸಾಹದಿಂದ ವಿಕಟಕವಿ ಎಂದು ಬರೆದರು. ತೆನಾಲಿ ರಾಮಕೃಷ್ಣನ ಕಥೆಯನ್ನು ಕೇಳದ ಮಗುವುಂಟೆ! ಯಂತ್ರವು ಅಲ್ಲವೆಂದಿತು. ಕ್ರಮವಿಧಿಯ ಸಾಲುಗಳನ್ನೆಲ್ಲ ಶೋಧಿಸಿದರು, ದೋಷ ಕಾಣಲಿಲ್ಲ. ಪದದಲ್ಲಿ ಎಷ್ಟು ಅಕ್ಷರಗಳೆಂದು ಯಂತ್ರವನ್ನೇ ಕೇಳಿ ನೋಡಿ ಎಂದೆ. ಐದೆಂದು ನಾವು ಎಣಿಸುವಲ್ಲಿ ಅದು ಏಳೆಂದಿತು. 'ವಿ' ಎಂಬುದು ಯಂತ್ರಕ್ಕೆ ವಕಾರ ಮತ್ತು ಅದರ ಮುಂದಿನ ಗುಡಿಸು ಎಂದು ಎರಡು ಗುರುತುಗಳು. ಹಿಂದುಮುಂದಾಗಿಸಿದರೆ ಗುಡಿಸು ತನ್ನ ವಕಾರವನ್ನು ಬಿಟ್ಟು ಬೇರೆಡೆಗೆ ಹೋಗುತ್ತದೆ. ಹಾಗಾದರೆ ಅಕ್ಷರವೆಂದರೇನು, ವ್ಯಂಜನಕ್ಕೂ ಕಾಗುಣಿತಕ್ಕೂ ಭೇದವೇನು, ಒತ್ತಕ್ಷರವನ್ನು ಒಂದೆಂದು ಎಣಿಸುವುದು ಹೇಗೆ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ವ್ಯಾಕರಣದ ತರಗತಿಯಲ್ಲಿ ತೂಕಡಿಸುವ ಹುಡುಗರೇ ಅವರು.

ಆ ದಿನದ ಮುಂದಿನ ಪಾಠ ಸಂಧಿ. ಗುಡಿಸು, ಕೊಂಬುಗಳು ಯಂತ್ರದಲ್ಲಿ ಬೇರೆಯಾಗಿ ನಿಲ್ಲುವ ಈ ಗುಣವೇ ಇಲ್ಲಿ ಅನುಕೂಲವಾಯಿತು. 'ಊರು' ಎಂಬುದಕ್ಕೆ 'ಅನ್ನು' ಸೇರಿ 'ಊರನ್ನು' ಆಗಬೇಕಾದರೆ ಕೊನೆಯ ಕೊಂಬನ್ನು ಕಿತ್ತು 'ನ್ನು' ಎಂಬುದನ್ನು ಅಂಟಿಸಿದರೆ ಲೋಪಸಂಧಿ ಸಿದ್ಧ. ಕಾಡು, ನಾಡು, ಹಣ್ಣು, ಎಲ್ಲವೂ ಸರಿಹೋದವು. ಗುರು ಎಂದು ಬರೆದಾಗ ಯಂತ್ರವು 'ಗುರನ್ನು' ಎಂದಿತು, ಕೋಣೆಯೆಲ್ಲ ನಗೆ. ಗುರುವನ್ನು, ಮಗುವನ್ನು, ಹಸುವನ್ನು: ಇವಕ್ಕೆ ವಕಾರಾಗಮವೇಕೆ? ಎರಡಕ್ಷರದ ಪದದಲ್ಲಿ ಮೊದಲನೆಯದು ಲಘುವಾದರೆ ಆಗಮ, ಗುರುವಾದರೆ ಲೋಪ ಎಂದು ಒಬ್ಬ ಹುಡುಗ ಊಹಿಸಿದನು. ಮೂರಕ್ಷರದ 'ಹೆಸರು' ಲೋಪಕ್ಕೆ ಹೋಗುವುದನ್ನೂ ಗಮನಿಸಿ ವಿಧಿಯನ್ನು ಬರೆದನು. ಅದು ಬಹುಮಟ್ಟಿಗೆ ನಡೆಯಿತು. ಆಮೇಲೆ ಒಬ್ಬಳು 'ವಸ್ತು' ಎಂದಳು. ಮೊದಲಕ್ಷರ ಗುರು, ಆದರೂ ವಸ್ತುವನ್ನು ಎನ್ನುತ್ತೇವೆ. ಸಂಸ್ಕೃತದಿಂದ ಉಕಾರಾಂತವಾಗಿಯೇ ಬಂದ ಪದವದು. ಇನ್ನೊಬ್ಬನು 'ಅದು' ಎಂದನು. ಲಘುವಾದರೂ ಅದನ್ನು ಎನ್ನುತ್ತೇವೆಯೇ ಹೊರತು ಅದುವನ್ನು ಎನ್ನುವುದಿಲ್ಲ. ಸಂಜೆ ಆರಕ್ಕೆ ಮುಗಿಯಬೇಕಾಗಿದ್ದ ಪಾಠ ಎಂಟಕ್ಕೂ ಮುಗಿಯಲಿಲ್ಲ. ಕರೆಯಲು ಬಂದ ಅಜ್ಜಿಯೊಬ್ಬರು ತಾವೂ ಕುಳಿತು ಹೊಸ ಹೊಸ ಪದಗಳನ್ನು ಒದಗಿಸಿದರು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣಕ್ಕಾಗಿ ನಡೆಸಿದ ಅನ್ವೇಷಣೆಯ ಜಾತಿಗೆ ಸೇರಿದ ಕೆಲಸವನ್ನೇ ಆ ಮಕ್ಕಳು ತಮ್ಮ ಪ್ರಮಾಣದಲ್ಲಿ ನಡೆಸುತ್ತಿದ್ದರೆಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ.

ಪುಸ್ತಕಗಳ ವಿಚಾರದಲ್ಲಿ ಒಂದು ಮಾತು. ಡೇವಿಡ್ ಆಲ್ ಎಂಬವರು ಸಂಗ್ರಹಿಸಿ 1973ರಲ್ಲಿ ಮೊದಲು ಹೊರತಂದ ಬೇಸಿಕ್ ಭಾಷೆಯ ಆಟಗಳ ಪುಸ್ತಕವು ಮುಂದೆ ಹತ್ತು ಲಕ್ಷಕ್ಕೂ ಮಿಕ್ಕಿ ಪ್ರತಿಗಳಾಗಿ ಮಾರಾಟವಾಯಿತು. ಅದರಲ್ಲಿ ಪಾಠವಿರಲಿಲ್ಲ, ಇದ್ದದ್ದು ಮುಖ್ಯವಾಗಿ ಕ್ರಮವಿಧಿಗಳ ಅಚ್ಚು. ಓದುಗನು ಅದನ್ನು ಸಾಲುಸಾಲಾಗಿ ತಾನೇ ಕೀಲಿಮಣೆಯಲ್ಲಿ ಹೊಡೆಯಬೇಕಾಗಿದ್ದಿತು, ಹೊಡೆಯುವಾಗ ತಪ್ಪುತ್ತಿದ್ದನು, ತಪ್ಪಿದ್ದನ್ನು ಹುಡುಕುತ್ತ ಹುಡುಕುತ್ತ ಒಂದು ಪೀಳಿಗೆಯೇ ಕಲಿತುಕೊಂಡಿತು. ಈಗ ವಿಡಿಯೊ ಪಾಠಗಳು ಲೆಕ್ಕವಿಲ್ಲದಷ್ಟಿವೆ, ಕೆಲವು ಚೆನ್ನಾಗಿಯೂ ಇವೆ. ಆದರೆ ಹತ್ತು ನಿಮಿಷ ನೋಡಿದರೆ ಮುಚ್ಚಿಟ್ಟು ಇಪ್ಪತ್ತು ನಿಮಿಷ ಸ್ವತಃ ಮಾಡಿ ನೋಡಬೇಕೆಂಬ ಕಟ್ಟುಪಾಡಿಲ್ಲದೆ ಅವನ್ನು ಮಗುವಿನ ಕೈಗೆ ಕೊಡುವುದು ಹಿತವಲ್ಲ. 2022ರ ಕೊನೆಯಿಂದೀಚೆಗೆ, ಕೇಳಿದೊಡನೆ ಕ್ರಮವಿಧಿಯನ್ನು ಪೂರ್ತಿಯಾಗಿ ಬರೆದುಕೊಡುವ ಕೃತಕ ಬುದ್ಧಿಯೂ ಬಂದಿದೆ. ಕಸಬಿನಲ್ಲಿ ಪಳಗಿದವರಿಗೆ ಅದರಿಂದ ಲಾಭವುಂಟು. ಕಲಿಯುವ ಮಗುವಿಗಾದರೋ ತಪ್ಪುವ ಅವಕಾಶವನ್ನೇ ಅದು ಮೊದಲು ಕಸಿದುಕೊಳ್ಳುತ್ತದೆ. ಮಗು ತಾನಾಗಿ ಬರೆದು, ತಾನಾಗಿ ಹುಡುಕಿ, ಒಂದು ದಿನ ಕಳೆದರೂ ದಾರಿ ಕಾಣದಿದ್ದಾಗ, ಉತ್ತರವನ್ನು ಕೇಳದೆ 'ಯಾವ ಸಾಲಿನ ಕಡೆ ನೋಡಲಿ?' ಎಂದು ಮಾತ್ರ ಕೇಳುವುದಾದರೆ ನನ್ನ ಅಡ್ಡಿಯಿಲ್ಲ.

ಯಂತ್ರಗಳನ್ನು ಕೊಳ್ಳುವುದರ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಹಳೆಯ ಲ್ಯಾಪ್‌ಟಾಪು ಸಾಕು. ಕೇಂದ್ರ ಸರ್ಕಾರವು 1984-85ರಲ್ಲಿ ಕ್ಲಾಸ್ ಎಂಬ ಯೋಜನೆಯ ಮೂಲಕ ಸುಮಾರು 250 ಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೊ ಯಂತ್ರಗಳನ್ನು ಕೊಟ್ಟಿತು. ಒಳ್ಳೆಯ ಯಂತ್ರಗಳವು, ಆದರೆ ಯಂತ್ರ ಮುರಿಯೀತೆಂಬ ಭಯದಿಂದ ಮಕ್ಕಳನ್ನು ಮುಟ್ಟಗೊಡದೆ ಬೀಗ ಹಾಕಿಟ್ಟ ಕೋಣೆಗಳನ್ನು ನನ್ನ ವೃತ್ತಿಯ ಅವಧಿಯಲ್ಲಿ ನಾನು ಕಂಡಿದ್ದೇನೆ. ಮಗುವಿಗೆ ಕೊಟ್ಟ ಯಂತ್ರವನ್ನು ಮಗು ಮುಟ್ಟಲಿ.

ಕಡೆಯದಾಗಿ, ಮನೆಯವರಲ್ಲಿ ಒಂದು ಬೇಡಿಕೆ. ತಮಗೆ ಈ ವಿದ್ಯೆ ಬಾರದೆಂದು ತಾಯಿತಂದೆಗಳು ದೂರ ಸರಿಯಬಾರದು. ವಾರಕ್ಕೆ ಎರಡು ಸಂಜೆ ಅರ್ಧ ಗಂಟೆ ಮಗುವಿನ ಪಕ್ಕದಲ್ಲಿ ಕುಳಿತು, "ಏನಾಗಬೇಕು ಅಂತ ಇತ್ತು? ಏನಾಯಿತು? ಎಲ್ಲಿಯವರೆಗೆ ಸರಿಯಾಗಿತ್ತು?" ಎಂಬ ಮೂರು ಪ್ರಶ್ನೆಗಳನ್ನು ಕೇಳುವುದಕ್ಕೆ ಯಾವ ಪದವಿಯೂ ಬೇಡ. ಇಲ್ಲಿ ನೆರೆದಿರುವ ಕನ್ನಡದ ಲೇಖಕರಲ್ಲಿಯೂ ಉಪಾಧ್ಯಾಯರಲ್ಲಿಯೂ ಇನ್ನೊಂದು ಬೇಡಿಕೆಯುಂಟು: ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಬರೆದು ಗಣಿತವನ್ನು ಕನ್ನಡಕ್ಕೆ ತಂದನಲ್ಲ, ಅದೇ ಬಗೆಯಲ್ಲಿ ಮಕ್ಕಳ ಕ್ರಮವಿಧಿಗೆ ಕನ್ನಡದ ಸಮಸ್ಯೆಗಳ ಒಂದು ಪುಸ್ತಕವನ್ನು, ಉತ್ತರಗಳನ್ನು ಅಚ್ಚು ಮಾಡದೆ, ನಾವೆಲ್ಲ ಸೇರಿ ರಚಿಸಬೇಕು. ಚುಕ್ಕಿ ರಂಗೋಲಿ, ಸಂಧಿ, ಪ್ರಸ್ತಾರ, ಸಂತೆಯ ಲೆಕ್ಕ, ಅಳಿಗುಳಿಮಣೆಯ ಆಟ, ಇವುಗಳಿಂದ ಆಯ್ದ ನಲವತ್ತು ಸಮಸ್ಯೆಗಳನ್ನು, ಅವುಗಳಲ್ಲಿ ಮಕ್ಕಳು ಮಾಡಿದ ತಪ್ಪುಗಳ ಸಹಿತ, ನಾನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅದು ಈ ಮೇಜಿನ ಮೇಲಿದೆ; ಬೇಕಾದವರು ಪ್ರತಿ ಮಾಡಿಕೊಳ್ಳಬಹುದು.